ಕುಮಿತೆಗಾಗಿ ತೂಕ ಇಳಿಸುವಾಗ ಕೊಬ್ಬಿನ ಶೇಕಡಾವಾರನ್ನು ಎಷ್ಟರಮಟ್ಟಿಗೆ ನಂಬಬಹುದು?

ಪ್ರಶ್ನೆ: ಕುಮಿತೆ ಅಭ್ಯಾಸಿ

ನಮಸ್ಕಾರ. ನನ್ನ ವಯಸ್ಸು 22, ಎತ್ತರ 172 ಸೆಂ.ಮೀ., ತೂಕ 70 ಕೆ.ಜಿ. ಇದುವರೆಗೆ ಕುಮಿತೆಯಲ್ಲಿ (ಕರಾಟೆಯ ಮುಖಾಮುಖಿ ಕಾದಾಟ) 75 ಕೆ.ಜಿ. ವಿಭಾಗದಲ್ಲಿ ಆಡುತ್ತಿದ್ದೆ, ಈಗ 67 ಕೆ.ಜಿ. ವಿಭಾಗಕ್ಕೆ ಇಳಿಯಬೇಕೆಂದಿದ್ದೇನೆ. ಜಿಮ್‌ನ ಬಯೋಇಂಪಿಡೆನ್ಸ್ ಯಂತ್ರವು ಒಂದು ದಿನ ಕೊಬ್ಬು ಶೇ. 18 ಎಂದು ತೋರಿಸಿ, ಅದೇ ವಾರ ಮತ್ತೊಂದು ದಿನ ಶೇ. 15 ಎಂದು ತೋರಿಸಿತು. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) ಪ್ರಕಾರ ನನ್ನ ತೂಕ ಸರಿಯಾಗಿಯೇ ಇದೆ. ಕರಾಟೆ ಪಟುವಿಗೆ ಎಷ್ಟು ಕೊಬ್ಬು ಇರಬೇಕು, ಮತ್ತು ಒದೆತದ ವೇಗ ಕುಗ್ಗದಂತೆ ಮೂರು ಕೆ.ಜಿ. ಇಳಿಸಲು ಸಾಧ್ಯವೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಅಳತೆಗೋಲು

ಮೊದಲು ಯಂತ್ರದ ವಿಚಾರ. ಬಯೋಇಂಪಿಡೆನ್ಸ್ ಯಂತ್ರವು ಕೊಬ್ಬನ್ನು ನೇರವಾಗಿ ಅಳೆಯುವುದಿಲ್ಲ. ದೇಹದ ಮೂಲಕ ಅತಿ ಕ್ಷೀಣವಾದ ವಿದ್ಯುತ್ತನ್ನು ಹರಿಸಿ, ಅದಕ್ಕೆ ಎದುರಾಗುವ ತಡೆಯಿಂದ ದೇಹದಲ್ಲಿರುವ ನೀರನ್ನು ಅಂದಾಜಿಸಿ, ಆ ಅಂದಾಜಿನ ಮೇಲೆ ಕೊಬ್ಬನ್ನು ಲೆಕ್ಕ ಹಾಕುತ್ತದೆ. ಆದ್ದರಿಂದ ಅಭ್ಯಾಸ ಮುಗಿಸಿ ಬೆವರಿದ ಮೇಲೆ ಒಂದು ಅಂಕಿ, ಊಟವಾದ ಮೇಲೆ ಮತ್ತೊಂದು ಅಂಕಿ ಬರುವುದರಲ್ಲಿ ಆಶ್ಚರ್ಯವಿಲ್ಲ. ಬೆಳಿಗ್ಗೆ ಎದ್ದು, ಮೂತ್ರ ವಿಸರ್ಜಿಸಿ, ಖಾಲಿ ಹೊಟ್ಟೆಯಲ್ಲಿ, ಪ್ರತಿ ಬಾರಿಯೂ ಅದೇ ಯಂತ್ರದಲ್ಲಿ ಅಳೆದರೆ ಏರಿಳಿತದ ದಿಕ್ಕಾದರೂ ತಿಳಿಯುತ್ತದೆ. ನನಗೆ ಹೆಚ್ಚು ವಿಶ್ವಾಸವಿರುವುದು ಕ್ಯಾಲಿಪರ್ (ದಪ್ಪ ಅಳೆಯುವ ಇಕ್ಕಳದಂಥ ಸಾಧನ) ಮೇಲೆ: ಅನುಭವವಿರುವ ಒಬ್ಬರೇ ವ್ಯಕ್ತಿ ನಿಗದಿತ ಜಾಗಗಳಲ್ಲಿ ಚರ್ಮದ ಮಡಿಕೆಯ ದಪ್ಪವನ್ನು ಅಳೆದು, ಅದನ್ನು ಶೇಕಡಾವಾರಿಗೆ ಪರಿವರ್ತಿಸದೆ ಮಿಲಿಮೀಟರ್‌ಗಳ ಮೊತ್ತವಾಗಿಯೇ ಬರೆದಿಟ್ಟರೆ ಸಾಕು. ಬಿಎಂಐಯನ್ನು ಇಲ್ಲಿ ಬದಿಗಿಡಿ, ಅದಕ್ಕೆ ಸ್ನಾಯು ಯಾವುದು, ಕೊಬ್ಬು ಯಾವುದು ಎಂಬ ಭೇದವಿಲ್ಲ.

ಉತ್ತರ 2: ಹಳೆಯ ತರಬೇತುದಾರ

ಉನ್ನತ ಮಟ್ಟದ ಪುರುಷ ಕರಾಟೆ ಪಟುಗಳ ಕೊಬ್ಬು ಸಾಮಾನ್ಯವಾಗಿ ಶೇ. 8ರಿಂದ 16ರ ನಡುವೆ ಕಂಡುಬರುತ್ತದೆ. ಇಷ್ಟು ಅಗಲವಾದ ಅಂತರದೊಳಗೆ ಗೆಲ್ಲುವವರೂ ಸೋಲುವವರೂ ಇದ್ದಾರೆ ಎಂದ ಮೇಲೆ, ಒಂದು ನಿರ್ದಿಷ್ಟ ಅಂಕಿಯನ್ನು ಗುರಿಯಾಗಿಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಿರಿಯರ (ಸೀನಿಯರ್) ವಿಭಾಗದ ಕುಮಿತೆ ಪಂದ್ಯದ ಅವಧಿ ಮೂರು ನಿಮಿಷ. ಅದರ ಬಹುಪಾಲು ಸಮಯ ಹೆಜ್ಜೆ ಬದಲಿಸುತ್ತ, ಅಂತರ ಕಾಯುತ್ತ ಕಳೆಯುತ್ತದೆ, ಮತ್ತು ಈ ಕೆಲಸಕ್ಕೆ ಬೇಕಾದ ಶಕ್ತಿ ಮುಖ್ಯವಾಗಿ ಆಮ್ಲಜನಕವನ್ನು ಬಳಸುವ ವ್ಯವಸ್ಥೆಯಿಂದಲೇ ಬರುತ್ತದೆ. ಆದರೆ ಅಂಕ ತಂದುಕೊಡುವ ಗ್ಯಾಕು ಜುಕಿಯಾಗಲಿ (ಹಿಂದಿನ ಕೈಯ ಗುದ್ದು) ಮವಾಶಿ ಗೇರಿಯಾಗಲಿ (ಸುತ್ತಿ ಬೀಸುವ ಒದೆತ) ಒಂದೆರಡು ಸೆಕೆಂಡುಗಳೊಳಗೆ ಮುಗಿಯುವ ಸ್ಫೋಟಕ ಚಲನೆ. ಅದಕ್ಕೆ ಸ್ನಾಯುವಿನಲ್ಲಿ ಮೊದಲೇ ಸಂಗ್ರಹವಾಗಿರುವ, ತಕ್ಷಣ ಶಕ್ತಿ ಕೊಡುವ ಎಟಿಪಿ ಮತ್ತು ಕ್ರಿಯಾಟಿನ್ ಫಾಸ್ಫೇಟ್ ಎಂಬ ರಾಸಾಯನಿಕಗಳೇ ಆಧಾರ. ಹೆಚ್ಚುವರಿ ಕೊಬ್ಬು ಹೆಜ್ಜೆಯನ್ನು ಭಾರವಾಗಿಸುತ್ತದೆ ನಿಜ, ಆದರೆ ಅದನ್ನು ಇಳಿಸುವ ಭರದಲ್ಲಿ ತೊಡೆ ಮತ್ತು ಸೊಂಟದ ಸ್ನಾಯು ಕರಗಿದರೆ ನಷ್ಟವೇ ಹೆಚ್ಚು. ಒಳ್ಳೆಯ ಪಟುವನ್ನು ಸಾಧಾರಣ ಪಟುವಿನಿಂದ ಪ್ರತ್ಯೇಕಿಸುವುದು ಗರಿಷ್ಠ ಭಾರ ಎತ್ತುವ ಶಕ್ತಿಗಿಂತ ಹೆಚ್ಚಾಗಿ, ಹಗುರವಾದ ಭಾರವನ್ನು ಅತಿ ವೇಗವಾಗಿ ಚಲಿಸುವಂತೆ ಮಾಡುವ ಸಾಮರ್ಥ್ಯ.

ನಿಮ್ಮ ಲೆಕ್ಕವನ್ನೇ ನೋಡೋಣ. ಶೇ. 18 ಸರಿ ಎಂದಿಟ್ಟುಕೊಂಡರೆ ನಿಮ್ಮಲ್ಲಿ 12.6 ಕೆ.ಜಿ. ಕೊಬ್ಬಿದೆ, ಉಳಿದದ್ದು 57.4 ಕೆ.ಜಿ. ಇಳಿಯುವ ಮೂರು ಕೆ.ಜಿ.ಯೂ ಕೊಬ್ಬೇ ಆದರೆ 67 ಕೆ.ಜಿ.ಯಲ್ಲಿ ನಿಮ್ಮ ಕೊಬ್ಬು ಸುಮಾರು ಶೇ. 14 ಆಗುತ್ತದೆ. ಇದು ಅಪಾಯದ ಮಟ್ಟವಲ್ಲ. ವಾರಕ್ಕೆ ದೇಹತೂಕದ ಶೇ. 0.5ರಿಂದ 1ರವರೆಗೆ ಮಾತ್ರ ಇಳಿಸುವುದಾದರೆ ಸುಮಾರು ಐದರಿಂದ ಒಂಬತ್ತು ವಾರ ಬೇಕು. ಆ ಅವಧಿಯಲ್ಲಿ ಪ್ರತಿ ಕೆ.ಜಿ. ದೇಹತೂಕಕ್ಕೆ ದಿನಕ್ಕೆ 1.6ರಿಂದ 2.2 ಗ್ರಾಂ ಪ್ರೋಟೀನ್ ಸೇವಿಸಿ. ಭಾರ ಎತ್ತುವ ವ್ಯಾಯಾಮವನ್ನು ನಿಲ್ಲಿಸಬೇಡಿ. ತೂಕದ ಜೊತೆಗೆ ನಿಂತಲ್ಲಿಂದ ಮೇಲಕ್ಕೆ ಜಿಗಿಯುವ ಎತ್ತರವನ್ನೂ ವಾರಕ್ಕೊಮ್ಮೆ ಬರೆದಿಡಿ. ತೂಕ ಇಳಿದೂ ಜಿಗಿತ ಉಳಿದರೆ ದಾರಿ ಸರಿಯಿದೆ.

ಉತ್ತರ 3: ಕತಾ ಪಟು

ಮೇಲಿನ ಅಂಕಿಗಳೆಲ್ಲ ಪುರುಷರಿಗೆ ಸಂಬಂಧಿಸಿದವು ಎಂಬುದನ್ನು ಇಲ್ಲಿ ಓದುವ ಹುಡುಗಿಯರು ಗಮನಿಸಬೇಕು. ಮಹಿಳೆಯರ ದೇಹಕ್ಕೆ ಅತ್ಯಗತ್ಯವಾದ ಕೊಬ್ಬೇ ಸುಮಾರು ಶೇ. 12ರಷ್ಟಿರುತ್ತದೆ. ಅಭ್ಯಾಸಕ್ಕೆ ತಕ್ಕ ಆಹಾರ ಸಿಗದಿದ್ದಾಗ ಮುಟ್ಟು ನಿಲ್ಲುವುದು, ಮೂಳೆ ದುರ್ಬಲವಾಗುವುದು ಮುಂತಾದ ತೊಂದರೆಗಳು ಕಾಣಿಸಿಕೊಳ್ಳುತ್ತವೆ. ಈ ಸ್ಥಿತಿ ಪುರುಷರನ್ನೂ ಬಿಡುವುದಿಲ್ಲ ಎಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು 2014ರಲ್ಲಿಯೇ ಎಚ್ಚರಿಸಿದೆ. ಕತಾದಲ್ಲಿ (ಎದುರಾಳಿಯಿಲ್ಲದೆ ನಿಗದಿತ ಚಲನೆಗಳನ್ನು ಪ್ರದರ್ಶಿಸುವ ಸ್ಪರ್ಧೆ) ತೂಕದ ವಿಭಾಗಗಳೇ ಇಲ್ಲದಿದ್ದರೂ ತೆಳ್ಳಗೆ ಕಾಣಬೇಕೆಂಬ ಒತ್ತಡ ಇದ್ದೇ ಇದೆ. ಉನ್ಸು ಎಂಬ ಕತಾದ ಜಿಗಿತಕ್ಕೂ ಆಳವಾದ ಝೆನ್‌ಕುತ್ಸು ದಾಚಿಗೂ (ಮುಂಗಾಲು ಬಗ್ಗಿಸಿ ನಿಲ್ಲುವ ಭಂಗಿ) ಕಾಲಿನಲ್ಲಿ ಬಲ ಬೇಕು, ಸಣಕಲುತನವಲ್ಲ.

ಕುಮಿತೆ ಅಭ್ಯಾಸಿ

ಎಲ್ಲರಿಗೂ ಧನ್ಯವಾದಗಳು. ಕೊನೆಯ ಒಂದೂವರೆ ಕೆ.ಜಿ.ಯನ್ನು ತೂಕ ನೋಡುವ ಮುನ್ನ ನೀರು ಬಿಟ್ಟು, ಬೆವರಿಳಿಸಿ ಕಳೆದುಕೊಳ್ಳಬಹುದೇ?

ಹಳೆಯ ತರಬೇತುದಾರ

ಬೇಡ. ಅದು ನಿಮ್ಮ ದೇಹತೂಕದ ಶೇ. 2ಕ್ಕಿಂತ ಹೆಚ್ಚಾಗುತ್ತದೆ, ಮತ್ತು ಅಷ್ಟು ನೀರು ಕಳೆದುಕೊಂಡರೆ ದಮ್ಮು ಕುಂದುತ್ತದೆ, ಏಕಾಗ್ರತೆಗೂ ಪೆಟ್ಟು ಬೀಳಬಹುದು. 1997ರಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ಬೆವರಿಳಿಸುತ್ತಲೇ ಪ್ರಾಣ ಕಳೆದುಕೊಂಡರು. ಅಲ್ಲಿನ ಕಾಲೇಜು ಕುಸ್ತಿಯ ತೂಕದ ನಿಯಮಗಳು ಬಿಗಿಯಾದದ್ದು ಆ ನಂತರವೇ. ಒಂಬತ್ತು ವಾರಗಳಲ್ಲಿ ಆಹಾರ ಮತ್ತು ಅಭ್ಯಾಸದಿಂದ 67ಕ್ಕೆ ಇಳಿಯಲಾಗದಿದ್ದರೆ, ಅಥವಾ ಅದಕ್ಕೂ ಮೊದಲೇ ಜಿಗಿತದ ಎತ್ತರ ಸತತವಾಗಿ ಕುಸಿಯತೊಡಗಿದರೆ, ಈ ಬಾರಿ 75 ಕೆ.ಜಿ. ವಿಭಾಗದಲ್ಲಿಯೇ ಆಡಿ.