ಪ್ರಶ್ನೋತ್ತರ: ಕಾರ್ಬನ್ ಎಲೆಕ್ಟ್ರೋಡ್ ಯಂತ್ರ ಫ್ಲೋರೈಡ್ ತೆಗೆಯುತ್ತದಾ?

ಪ್ರಶ್ನೆ: ನಮ್ಮದು ಪಾವಗಡ ತಾಲ್ಲೂಕು. ಬೋರ್ ನೀರಿನ ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ) ಲೀಟರ್‌ಗೆ 900 ಮಿಲಿಗ್ರಾಂ, ಫ್ಲೋರೈಡ್ ಲೀಟರ್‌ಗೆ 2.8 ಮಿಲಿಗ್ರಾಂ. ಊರಿನ ಆರ್‌ಓ ಘಟಕ ಅರ್ಧಕ್ಕಿಂತ ಜಾಸ್ತಿ ನೀರನ್ನು ಚರಂಡಿಗೆ ಬಿಡುತ್ತದೆ. ಈಗ ಮಾರುವವರು ಸಿಡಿಐ (ಕೆಪ್ಯಾಸಿಟಿವ್ ಡಿಅಯಾನೈಸೇಶನ್, ಕರೆಂಟಿನಿಂದ ನೀರಿನ ಲವಣ ತೆಗೆಯುವುದು) ಅಂತ ಒಂದು ಯಂತ್ರ ತೋರಿಸಿದ್ದಾರೆ. ಕಾರ್ಬನ್ ಎಲೆಕ್ಟ್ರೋಡ್ ಇರುತ್ತದಂತೆ, ಬೇಡದ್ದನ್ನು ಮಾತ್ರ ತೆಗೆದು ಕ್ಯಾಲ್ಸಿಯಂ ಉಳಿಸುತ್ತದಂತೆ. ನಂಬಬಹುದಾ?

ಉತ್ತರ (ನೀರು ಶುದ್ಧೀಕರಣ ಎಂಜಿನಿಯರ್): ಯಂತ್ರ ಸುಳ್ಳಲ್ಲ, ಕ್ಯಾಲ್ಸಿಯಂ ಮಾತು ಮಾತ್ರ ಉಲ್ಟಾ. ಎರಡು ಕಾರ್ಬನ್ ಹಾಳೆಗಳ ನಡುವೆ ನೀರು ಹರಿಯುತ್ತದೆ. ಸುಮಾರು 1.2 ವೋಲ್ಟ್ ಕೊಟ್ಟರೆ ಸೋಡಿಯಂ, ಕ್ಯಾಲ್ಸಿಯಂ ಮೈನಸ್ ಕಡೆಗೆ, ಕ್ಲೋರೈಡ್, ನೈಟ್ರೇಟ್, ಫ್ಲೋರೈಡ್ ಪ್ಲಸ್ ಕಡೆಗೆ ಹೋಗಿ ಕಾರ್ಬನ್ನಿನ ಸಣ್ಣ ರಂಧ್ರಗಳಲ್ಲಿ ಕೂರುತ್ತವೆ. ಜಾಗ ತುಂಬಿದ ಮೇಲೆ ವೋಲ್ಟೇಜ್ ತೆಗೆದರೆ ಅಥವಾ ತಿರುಗಿಸಿದರೆ ಸ್ವಲ್ಪ ನೀರಿನ ಜೊತೆ ಹೊರಗೆ ಹೋಗುತ್ತವೆ.

ಆದರೆ ಬರೀ ಕಾರ್ಬನ್ನಿನ ಆಯ್ಕೆ ನಮ್ಮ ಇಷ್ಟದಂತೆ ಇರುವುದಿಲ್ಲ. ಕ್ಯಾಲ್ಸಿಯಂಗೆ ಎರಡು ಚಾರ್ಜ್, ಹಾಗಾಗಿ ಸಾಮಾನ್ಯವಾಗಿ ಸೋಡಿಯಂಗಿಂತ ಅದನ್ನೇ ಗಟ್ಟಿಯಾಗಿ ಹಿಡಿಯುತ್ತದೆ. ಫ್ಲೋರೈಡ್ ತನ್ನ ಸುತ್ತಲಿನ ನೀರಿನ ಕಣಗಳನ್ನು ಬಿಟ್ಟುಕೊಡುವುದಿಲ್ಲ. ಅವುಗಳ ಸಮೇತ ಸಣ್ಣ ರಂಧ್ರಕ್ಕೆ ನುಗ್ಗುವುದು ಕಷ್ಟ. ನೈಟ್ರೇಟ್ ಸಲೀಸಾಗಿ ಒಳಗೆ ಹೋಗುತ್ತದೆ. ಕ್ಲೋರೈಡ್ ಅಂತೂ ಫ್ಲೋರೈಡಿಗಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ, ಜಾಗವನ್ನು ಅದೇ ಹಿಡಿಯುತ್ತದೆ.

ಅದಕ್ಕೇ ಟಿಡಿಎಸ್ ಮೀಟರ್ ನೋಡಿ ಮರುಳಾಗಬೇಡಿ. ಟಿಡಿಎಸ್ 450ಕ್ಕೆ ಇಳಿಯಿತು ಅಂದರೆ ಫ್ಲೋರೈಡೂ ಅರ್ಧ ಆಯಿತು ಅಂತಲ್ಲ. ಆಗಿದ್ದರೂ 1.4. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿ 1.0, ಬೇರೆ ನೀರೇ ಇಲ್ಲದಿದ್ದರೆ 1.5.

ಪ್ರಶ್ನೆ: ಹಾಗಾದರೆ ಫ್ಲೋರೈಡನ್ನೇ ಹಿಡಿಯುವ ಕಾರ್ಬನ್ ಇಲ್ವಾ?

ಉತ್ತರ: ಕಾರ್ಬನ್ ಮೇಲೆ ಅಲ್ಯುಮಿನಾ, ಜಿರ್ಕೋನಿಯಂ ಆಕ್ಸೈಡ್ ಇಂಥವನ್ನು ಲೇಪಿಸಿದರೆ ಫ್ಲೋರೈಡ್ ಅಂಟಿಕೊಳ್ಳುತ್ತದೆ. ತೊಂದರೆ ಏನೆಂದರೆ, ಗಟ್ಟಿಯಾಗಿ ಅಂಟಿದ್ದು ವೋಲ್ಟೇಜ್ ತೆಗೆದ ಕೂಡಲೇ ಬಿಡುವುದಿಲ್ಲ. ಮಾರುವವರನ್ನು ಇದನ್ನೇ ಕೇಳಿ: ನಿಮ್ಮೂರ ನೀರನ್ನೇ ಹಾಕಿ, ಮೊದಲ ದಿನದ ಮತ್ತು ಆರು ತಿಂಗಳು ಓಡಿದ ಮೇಲಿನ ಫ್ಲೋರೈಡ್ ರಿಪೋರ್ಟ್ ತೋರಿಸಲಿ. ಆರು ತಿಂಗಳು ಯಾಕೆಂದರೆ, ಪ್ಲಸ್ ಕಡೆಯ ಕಾರ್ಬನ್ ನಿಧಾನವಾಗಿ ಆಕ್ಸಿಡೈಸ್ ಆಗಿ ಶಕ್ತಿ ಕಳೆದುಕೊಳ್ಳುತ್ತದೆ. ನನ್ನನ್ನು ಕೇಳಿದರೆ, ನಿಮಗೆ ತೊಂದರೆ ಫ್ಲೋರೈಡ್ ಒಂದೇ ಆಗಿದ್ದರೆ ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ಮೊದಲು ನೋಡಿ. ಅದಕ್ಕೆ ಕರೆಂಟೂ ಬೇಡ. ಆಗಾಗ ಕೆಮಿಕಲ್ ಹಾಕಿ ತೊಳೆಯುವ ಜನ ಬೇಕು, ಅಷ್ಟೇ.

ಇನ್ನೊಬ್ಬ ಸದಸ್ಯರು: ಸಿಡಿಐಗೆ ಕರೆಂಟ್ ಎಷ್ಟು? ಬ್ಯಾಕ್ಟೀರಿಯಾ ಹೋಗುತ್ತದಾ?

ಉತ್ತರ: ಟಿಡಿಎಸ್ 900ರಿಂದ 450ಕ್ಕೆ ಇಳಿಸಲು ಸಾವಿರ ಲೀಟರ್‌ಗೆ ಕಾಗದದ ಲೆಕ್ಕದಲ್ಲಿ ಕಾಲು ಯೂನಿಟ್. ಪಂಪು, ನಷ್ಟ ಸೇರಿದರೆ ಅದಕ್ಕಿಂತ ಜಾಸ್ತಿ. ಬ್ಯಾಕ್ಟೀರಿಯಾ ಹೋಗುತ್ತದೆ ಅಂತ ನಂಬಿಕೊಳ್ಳಬೇಡಿ, ಯುವಿ (ನೇರಳಾತೀತ ದೀಪ) ಬೇರೆ ಹಾಕಿಸಿ.

ಮೊದಲು ಕೇಳಿದವರು: ವೇಸ್ಟ್ ನೀರನ್ನು ದನಗಳಿಗೆ ಕೊಡಬಹುದಾ?

ಉತ್ತರ: ಬೇಡ. 100 ಲೀಟರ್ ಹಾಕಿ 80 ಲೀಟರ್ ಪಡೆದು, ಅದರಲ್ಲಿ ಫ್ಲೋರೈಡ್ 1.0ಕ್ಕೆ ಇಳಿಸಿದಿರಿ ಅನ್ನಿ. ಉಳಿದ 20 ಲೀಟರ್‌ನಲ್ಲಿ ಲೀಟರ್‌ಗೆ 10 ಮಿಲಿಗ್ರಾಂ ಇರುತ್ತದೆ. ಬೋರ್ ಪಕ್ಕದ ಇಂಗುಗುಂಡಿಗೂ ಬಿಡಬೇಡಿ. ಟಾಯ್ಲೆಟ್ ತೊಳೆಯಲು ಬಳಸಿ.