ಬೆಲ್ಟ್ ಬಿಗಿ ಮಾಡಿದಷ್ಟೂ ಗುರಿ ಗಟ್ಟಿಯಾಗುತ್ತಾ? ರೈಫಲ್ ಸ್ಲಿಂಗ್ ಬಗ್ಗೆ ಕೋಚ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಮೂಡಿಗೆರೆಯ ಒಬ್ಬ ತಂದೆ): ನಮಸ್ಕಾರ ಸರ್. ಮಗಳು ಚಿಕ್ಕಮಗಳೂರಿನಲ್ಲಿ ಸೆಕೆಂಡ್ ಪಿಯುಸಿ. ಎರಡು ವರ್ಷದಿಂದ 10 ಮೀಟರ್ ಏರ್ ರೈಫಲ್ ಹೊಡೆಯುತ್ತಿದ್ದಾಳೆ. ಈಗ .22 ರೈಫಲ್‌ನಲ್ಲಿ 50 ಮೀಟರ್ ಪ್ರೋನ್ (ಮಲಗಿ ಹೊಡೆಯುವುದು) ಶುರು ಮಾಡಬೇಕು ಅಂತ ಹಟ. ರೈಫಲ್ ಕ್ಲಬ್‌ನದ್ದು, ಜಾಕೆಟ್ ಸೀನಿಯರ್ ಹುಡುಗಿಯದ್ದು ಸಿಕ್ಕಿದೆ, ಸ್ಲಿಂಗ್ ಮಾತ್ರ ನಾವೇ ತಗೊಳ್ಳಬೇಕಂತೆ. ಆನ್‌ಲೈನ್‌ನಲ್ಲಿ ನೂರರಲ್ಲೂ ಇದೆ, ಸಾವಿರಗಟ್ಟಲೆಯಲ್ಲೂ ಇದೆ, ನೋಡಿ ನೋಡಿ ತಲೆ ಕೆಟ್ಟಿತು. ನಮ್ಮಪ್ಪನ ಜೋಡಿ ನಳಿಗೆ ಕೋವಿಯ ಹಳೇ ಚರ್ಮದ ಬೆಲ್ಟ್ ಅಟ್ಟದ ಮೇಲಿದೆ, ಇನ್ನೂ ಗಟ್ಟಿಮುಟ್ಟಾಗಿದೆ. ಅದನ್ನೇ ಹಾಕಿದರೆ ಆಗಲ್ವಾ?

ಕೋಚ್: ಅಣ್ಣಾ, ಆ ಬೆಲ್ಟ್ ಅಟ್ಟದ ಮೇಲೇ ಇರಲಿ. ಅದು ಕೋವಿ ಹೆಗಲಿಗೆ ಹಾಕಿಕೊಂಡು ತೋಟ ಸುತ್ತಲು ಮಾಡಿದ್ದು. ಅದರ ಎರಡೂ ತುದಿ ಕೋವಿಗೇ ಸಿಕ್ಕಿಕೊಳ್ಳುತ್ತವೆ. ಟಾರ್ಗೆಟ್ ಶೂಟಿಂಗ್ ಸ್ಲಿಂಗ್ ಬೇರೆ ಜಾತಿ. ಅದರ ಒಂದು ತುದಿ ರೈಫಲ್ ಮುಂಭಾಗದ ಕೊಂಡಿಗೆ, ಇನ್ನೊಂದು ತುದಿ ನಿಮ್ಮ ಮಗಳ ಎಡ ಮೇಲ್ತೋಳಿಗೆ. ಅಷ್ಟೇ. ಐಎಸ್‌ಎಸ್‌ಎಫ್ (ಅಂತಾರಾಷ್ಟ್ರೀಯ ಶೂಟಿಂಗ್ ಫೆಡರೇಷನ್) ನಿಯಮದಲ್ಲೂ ರೈಫಲ್‌ಗೆ ಒಂದೇ ಕಡೆ ಸಿಕ್ಕಿಸಬೇಕು ಅಂತಲೇ ಇದೆ.

ಅದು ಮಾಡುವ ಕೆಲಸ ಏನು ಅಂತ ಮೊದಲು ತಿಳಿದುಕೊಳ್ಳಿ, ಆಮೇಲೆ ಯಾವುದು ತಗೊಳ್ಳಬೇಕು ಅನ್ನೋದು ತಾನೇ ಗೊತ್ತಾಗುತ್ತದೆ. ನಿಮ್ಮ ಕಡೆ ಮೆಣಸು ಕೊಯ್ಯುವಾಗ ಒಂಟಿ ಏಣಿಯನ್ನು ಸಿಲ್ವರ್ ಮರಕ್ಕೆ ಹಗ್ಗದಲ್ಲಿ ಕಟ್ಟುತ್ತಾರಲ್ಲ? ಕಟ್ಟಿದ ಮೇಲೆ ಏಣಿಯನ್ನು ಯಾರೂ ಹಿಡಿದುಕೊಂಡು ನಿಲ್ಲುವುದಿಲ್ಲ. ಹಗ್ಗ ಹಿಡಿದಿರುತ್ತದೆ, ಆಳು ಮೆಣಸು ಕೊಯ್ಯುತ್ತಾನೆ. ಸ್ಲಿಂಗ್ ಆ ಹಗ್ಗ. ಮೊಣಕೈ ನೆಲದ ಮೇಲೆ, ಅಂಗೈ ಹ್ಯಾಂಡ್‌ಸ್ಟಾಪ್‌ಗೆ (ಕೈ ಮುಂದೆ ಜಾರದ ಹಾಗೆ ರೈಫಲ್ ಕೆಳಗಿರುವ ಅಡ್ಡ ತುಂಡು, ಸ್ಲಿಂಗ್ ಕೊಂಡಿ ಇರುವುದೂ ಅಲ್ಲೇ) ತಾಗಿ, ಮೇಲ್ತೋಳಿನಿಂದ ರೈಫಲ್‌ವರೆಗೆ ಪಟ್ಟಿ. ಈ ಮೂರೂ ಸೇರಿ ಒಂದು ತ್ರಿಕೋನ ಆಗುತ್ತದೆ, ತೂಕ ಮೂಳೆ ಮತ್ತು ಪಟ್ಟಿಯ ಮೇಲೆ ಹೋಗುತ್ತದೆ, ಎಡಗೈಯ ಮಾಂಸಖಂಡಕ್ಕೆ ಕೆಲಸವೇ ಇರಬಾರದು. ಕೈ ದುಡಿಯಲು ಶುರು ಮಾಡಿದರೆ ಹತ್ತು ನಿಮಿಷಕ್ಕೆ ನಡುಗುತ್ತದೆ. 50 ಮೀಟರ್ ಟಾರ್ಗೆಟ್‌ನ ಹತ್ತರ ವೃತ್ತ 10.4 ಮಿಲಿಮೀಟರ್, ಹೆಚ್ಚುಕಮ್ಮಿ ಒಂದು ಕಾಫಿ ಬೀಜದ ಉದ್ದ. ಅಲ್ಲಿ ನಡುಕಕ್ಕೆ ಜಾಗ ಇಲ್ಲ.

ಈಗ ತಗೊಳ್ಳುವ ವಿಷಯ. ಪಟ್ಟಿಯ ಅಗಲ 40 ಮಿಲಿಮೀಟರ್ ದಾಟಬಾರದು, ದಾಟಿದರೆ ಎಕ್ವಿಪ್‌ಮೆಂಟ್ ಕಂಟ್ರೋಲ್‌ನಲ್ಲಿ (ಮ್ಯಾಚ್‌ನ ಸಾಮಾನು ತಪಾಸಣೆಯಲ್ಲಿ) ಅಲ್ಲೇ ತೆಗೆದಿಡುತ್ತಾರೆ. ಹಾಗಂತ 25ರ ಸಣ್ಣ ಪಟ್ಟಿಯನ್ನೂ ತಗೋಬೇಡಿ, ತೋಳಿಗೆ ದಾರದ ಹಾಗೆ ಕೊರೆಯುತ್ತದೆ. ತೋಳಿಗೆ ಬರುವ ಭಾಗದ ಒಳಗಡೆ ಜಾರದ ರಬ್ಬರ್ ಥರದ ಲೈನಿಂಗ್ ಇರಲಿ. ಉದ್ದ ಹೊಂದಿಸುವ ಕಡೆ ತೂತು ಅಥವಾ ನಂಬರ್ ಇರಲೇಬೇಕು, ಸುಮ್ನೆ ಎಳೆದು ಬಿಗಿ ಮಾಡುವ ಬಕಲ್ ಬೇಡ, ಅದರಲ್ಲಿ ನಿನ್ನೆ ಎಷ್ಟಿತ್ತು ಅಂತ ದೇವರಿಗೂ ಗೊತ್ತಾಗಲ್ಲ. ರೈಫಲ್ ಕಡೆ ಬಿಚ್ಚಿ ಹಾಕುವ ಕ್ಲಿಪ್ ಇದ್ದರೆ ತುಂಬಾ ಅನುಕೂಲ, ತೋಳಿನ ಪಟ್ಟಿ ಬಿಚ್ಚದೆ ಎದ್ದು ಕೂರಬಹುದು. ಇನ್ನೊಂದು, ಇದನ್ನು ಯಾರೂ ಅಂಗಡಿಯಲ್ಲಿ ಹೇಳುವುದಿಲ್ಲ: ಮಗಳ ತೋಳು ಸಣ್ಣ. ಜಾಕೆಟ್ ಮೇಲೆ ಹಾಕಿದಾಗಲೂ ಪಟ್ಟಿ ಅಷ್ಟು ಸಣ್ಣದಾಗಿ ಕೂರುತ್ತಾ ನೋಡಿ. ದೊಡ್ಡವರ ಅಳತೆಯದ್ದು ಕೊನೇ ತೂತಿಗೆ ಹಾಕಿದರೂ ಲೊಡಲೊಡ ಅನ್ನುತ್ತದೆ.

ಮೊದಲು ಕ್ಲಬ್‌ಗೆ ಹೋಗಿ ಆ ರೈಫಲ್‌ನ ಹ್ಯಾಂಡ್‌ಸ್ಟಾಪ್‌ನ ಫೋಟೊ ತೆಗೆದುಕೊಳ್ಳಿ. ಕೊಂಡಿ ಯಾವ ಥರ ಇದೆ ಅಂತ ಗೊತ್ತಾಗದೆ ಆರ್ಡರ್ ಮಾಡಿದರೆ ವಾಪಸ್ ಕಳಿಸುವ ತಲೆನೋವು.

ಪ್ರಶ್ನೆ (ಅದೇ ತಂದೆ): ಥ್ಯಾಂಕ್ಸ್ ಸರ್. ಜರ್ಮನಿಯದ್ದೇ ಬೇಕಾ? ಗೇಮನ್, ಆನ್‌ಶುಟ್ಜ್ ಅಂತ ಹುಡುಗರು ಹೇಳುತ್ತಾರೆ.

ಕೋಚ್: ಚೆನ್ನಾಗಿವೆ, ಸುಳ್ಳು ಹೇಳಲ್ಲ. ಆದರೆ ಮೊದಲ ವರ್ಷಕ್ಕೆ ಬೇಡ. ಮೇಲೆ ಹೇಳಿದ್ದೆಲ್ಲ ಇರುವ ಸಾದಾ ಸ್ಲಿಂಗ್ ಸಾಕು. ಉಳಿದ ದುಡ್ಡಲ್ಲಿ ಒಂದು ಒಳ್ಳೇ ಗ್ಲೌಸ್ ಕೊಡಿಸಿ, ಪ್ರೋನ್‌ನಲ್ಲಿ ಅಂಗೈ ನೋವಿಗೇ ಮಕ್ಕಳು ಅರ್ಧ ಬಿಡುವುದು. ಅಂಗೈ ಕಡೆ ಮತ್ತು ಹಿಂಭಾಗ ಸೇರಿ ದಪ್ಪ 12 ಮಿಲಿಮೀಟರ್ ಮೀರದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ (ಅರಸೀಕೆರೆ): ಸರ್ ನಾನು ಏರ್ ರೈಫಲ್ ಮಾತ್ರ. ನನಗೂ ಒಂದು ತಗೊಳ್ಳಲಾ?

ಕೋಚ್: ಬೇಡ. ಏರ್ ರೈಫಲ್‌ಗೆ ಸ್ಲಿಂಗ್ ಇಲ್ಲ. ನಿಂತು ಹೊಡೆಯುವ ಯಾವುದಕ್ಕೂ ಇಲ್ಲ. 50 ಮೀಟರ್ ತ್ರೀ ಪೊಸಿಷನ್‌ನಲ್ಲೂ ಮೊಣಕಾಲೂರಿ ಕೂತಾಗ ಹಾಕಬಹುದು, ಮಲಗಿದಾಗ ಹಾಕಬಹುದು, ನಿಂತಾಗ ಬಿಚ್ಚಲೇಬೇಕು. 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ ಫೈನಲ್ ನೋಡಿದ್ದೀರಲ್ಲ, ಅದೇ ಕ್ರಮ: ಕೂತು, ಮಲಗಿ, ಕೊನೆಗೆ ನಿಂತು.

ಪ್ರಶ್ನೆ (ಹಾಸನ, ಇಂಜಿನಿಯರಿಂಗ್ ವಿದ್ಯಾರ್ಥಿ): ಸರ್, ನನ್ನದು ಬೇರೆ ಕಥೆ. ಸ್ಲಿಂಗ್ ಒಳ್ಳೇದೇ ಇದೆ. ಟೈಟ್ ಮಾಡಿದಷ್ಟೂ ರೈಫಲ್ ಅಲ್ಲಾಡಲ್ಲ ಅಂತ ಸೀನಿಯರ್ ಹೇಳಿದರು, ಮಾಡಿದೆ. ಈಗ ಫ್ರಂಟ್ ಸೈಟ್ ರಿಂಗ್ (ನಳಿಗೆ ತುದಿಯಲ್ಲಿ ಗುರಿ ನೋಡುವ ಬಳೆ) ಟಕ್ ಟಕ್ ಅಂತ ತಾಳ ಹಾಕುತ್ತದೆ. ಸೈಟ್ ಲೂಸ್ ಅಂತ ಸ್ಕ್ರೂ ಎಲ್ಲ ಬಿಗಿ ಮಾಡಿದೆ. ಹೋಗಲಿಲ್ಲ.

ಕೋಚ್: ಒಂದು ಕೆಲಸ ಮಾಡು ತಮ್ಮಾ. ಪೊಸಿಷನ್‌ನಲ್ಲಿ ಮಲಗಿ ಆ ತಾಳ ಎಣಿಸು. ಪಕ್ಕದಲ್ಲಿ ಒಬ್ಬರನ್ನ ಕೂರಿಸಿ ನಿನ್ನ ಕತ್ತಿನ ನಾಡಿ ಹಿಡಿದು ಎಣಿಸಲು ಹೇಳು. ಎರಡೂ ಒಂದೇ ಬರುತ್ತದೆ. ಅದು ನಿನ್ನ ಹೃದಯ, ಸ್ಕ್ರೂ ಅಲ್ಲ.

ಮೇಲ್ತೋಳಿನ ಒಳಮಗ್ಗುಲಲ್ಲಿ ದೊಡ್ಡ ರಕ್ತನಾಳ ಒಂದು ಹೋಗುತ್ತದೆ. ಬಿಪಿ ನೋಡುವಾಗ ಡಾಕ್ಟರು ಪಟ್ಟಿ ಕಟ್ಟುವುದು ಅದೇ ಜಾಗಕ್ಕೆ. ತೋಳಿನ ಮಧ್ಯಕ್ಕೆ ಸ್ಲಿಂಗ್ ಕಟ್ಟಿ ಬಿಗಿದರೆ ಪ್ರತಿ ಬಡಿತವೂ ಪಟ್ಟಿಗೆ, ಪಟ್ಟಿಯಿಂದ ರೈಫಲ್‌ಗೆ ಹೋಗುತ್ತದೆ. ಹಾಗಾಗಿ ಪಟ್ಟಿಯನ್ನು ಮೇಲಕ್ಕೆ ತಗೊಂಡು ಹೋಗು, ಭುಜದ ಹತ್ತಿರಕ್ಕೆ. ಅಲ್ಲಿಂದ ಕೆಳಗೆ ಜಾರದಿರಲಿ ಅಂತಲೇ ಜಾಕೆಟ್ ತೋಳಿನ ಹೊರಗೆ ಒಂದು ಕೊಕ್ಕೆ ಅಥವಾ ಲೂಪ್ ಇರುತ್ತದೆ, ನಿಯಮದಲ್ಲಿ ಅಂಥದ್ದು ಒಂದಕ್ಕೆ ಅವಕಾಶ ಇದೆ. ಆಮೇಲೆ ಪಟ್ಟಿಯನ್ನು ತೋಳಿನ ಸುತ್ತ ಸ್ವಲ್ಪ ತಿರುಗಿಸು, ಎಳೆತ ಒಳಗಿನಿಂದ ಬರದೆ ಹೊರಮಗ್ಗುಲಿನಿಂದ ಬರಬೇಕು. ಒಂದು ಬೆರಳಗಲ ತಿರುಗಿಸಿದರೂ ವ್ಯತ್ಯಾಸ ಕಾಣುತ್ತದೆ. ತಿರುಗಿಸುತ್ತಾ ರಿಂಗ್ ನೋಡು, ಒಂದು ಜಾಗದಲ್ಲಿ ತಾಳ ಪಟ್ಟನೆ ಕಮ್ಮಿಯಾಗುತ್ತದೆ, ಅಲ್ಲಿ ನಿಲ್ಲಿಸು.

ಕೊನೆಗೆ ಒಂದು ತೂತು ಸಡಿಲ ಮಾಡು. ನಿನ್ನ ಸೀನಿಯರ್ ಹೇಳಿದ್ದು ಅರ್ಧ ಸತ್ಯ. ಸಡಿಲದಿಂದ ಶುರು ಮಾಡಿ ಒಂದೊಂದೇ ತೂತು ಬಿಗಿ ಮಾಡುತ್ತಾ ಬಾ. ಯಾವ ತೂತಿನಲ್ಲಿ ಬಲಗೈ ಬಿಟ್ಟರೂ ರೈಫಲ್ ಬೀಳದೆ ಭುಜಕ್ಕೆ ಒರಗಿ ನಿಂತಿತೋ ಅದೇ ನಿನ್ನ ತೂತು, ಮುಂದಿನದ್ದು ಬೇಡ. ಮತ್ತೆ, ಪ್ರ್ಯಾಕ್ಟೀಸ್‌ಗೆ ಮುಂಚೆ ಎರಡು ಲೋಟ ಸ್ಟ್ರಾಂಗ್ ಕಾಫಿ ಕುಡಿಯುವ ಅಭ್ಯಾಸ ಇದ್ದರೆ ಅದನ್ನೂ ನೋಡಿಕೋ. ಈ ಜಿಲ್ಲೆಗಳಲ್ಲಿ ಕೂತು ಇದನ್ನು ಹೇಳಲು ನನಗೂ ಬೇಜಾರು.

ಪ್ರಶ್ನೆ (ಬೇಲೂರು): ಬೆರಳು ಜೋಮು ಹಿಡಿಯುತ್ತೆ ಸರ್, ಇಪ್ಪತ್ತು ಶಾಟ್ ಆದ ಮೇಲೆ. ತಡೆದುಕೊಂಡರೆ ಅಭ್ಯಾಸ ಆಗುತ್ತೆ ಅಂತಾರೆ.

ಕೋಚ್: ತಡೆದುಕೊಳ್ಳಬೇಡಿ. ಸ್ವಲ್ಪ ಒತ್ತಡ ಇದ್ದೇ ಇರುತ್ತದೆ, ಆದರೆ ಬೆರಳು ಮರಗಟ್ಟುವುದು ಅಭ್ಯಾಸದ ಮಾತಲ್ಲ. ಒಂದೋ ಬಿಗಿ ಜಾಸ್ತಿ, ಇಲ್ಲಾ ಹ್ಯಾಂಡ್‌ಸ್ಟಾಪ್ ಅಂಗೈಯ ತಪ್ಪು ಜಾಗಕ್ಕೆ ಒತ್ತುತ್ತಿದೆ. ಹ್ಯಾಂಡ್‌ಸ್ಟಾಪ್ ಅರ್ಧ ಸೆಂಟಿಮೀಟರ್ ಸರಿಸಿ ನೋಡಿ. ಆದರೆ ತುಂಬಾ ಮುಂದಕ್ಕೆ ತಳ್ಳಬೇಡಿ, ಮುಂಗೈ ಮಲಗಿಬಿಡುತ್ತದೆ. ಪ್ರೋನ್‌ನಲ್ಲಿ ಮುಂಗೈ ನೆಲಕ್ಕೆ 30 ಡಿಗ್ರಿಗಿಂತ ಕಮ್ಮಿ ಇದ್ದರೆ ಜ್ಯೂರಿ ಬಂದು ತಟ್ಟುತ್ತಾರೆ. ಜೋಮು ಬಂದಾಗ ಕ್ಲಿಪ್ ಬಿಚ್ಚಿ ಎರಡು ನಿಮಿಷ ಕೈ ಕೊಡವಿ, ಮ್ಯಾಚ್‌ನಲ್ಲೂ ಅಷ್ಟು ಟೈಮ್ ಇರುತ್ತದೆ.

ಪ್ರಶ್ನೆ (ಸಕಲೇಶಪುರ): ಸರ್, ಚರ್ಮದ್ದಾ, ಸಿಂಥೆಟಿಕ್ಕಾ?

ಕೋಚ್: ನಮ್ಮ ಕಡೆಗೆ ಸಿಂಥೆಟಿಕ್, ಅಕ್ಕ. ಇದನ್ನು ಪೆಟ್ಟು ತಿಂದು ಹೇಳುತ್ತಿದ್ದೇನೆ. ನನ್ನ ಹತ್ತಿರ ಒಂದು ಚರ್ಮದ್ದಿತ್ತು, ತುಂಬಾ ಪ್ರೀತಿ. ಒಂದು ಜುಲೈನಲ್ಲಿ ಹದಿನೈದು ದಿನ ಬೀರುವಿನಲ್ಲಿಟ್ಟು ತೆಗೆದರೆ ಹಸಿರು ಬೂಷ್ಟು. ಒರೆಸಿ, ಒಣಗಿ ಬಿರಿಯಬಾರದು ಅಂತ ಎಣ್ಣೆ ತಿಕ್ಕಿ ಬೆಂಗಳೂರಿಗೆ ಮ್ಯಾಚ್‌ಗೆ ತಗೊಂಡು ಹೋದೆ. ಮೊದಲ ಹತ್ತು ಶಾಟ್ ಸರಿ. ಆಮೇಲೆ ಒಂದೊಂದೇ ಕೆಳಗೆ ಇಳಿಯತೊಡಗಿತು. ಸೈಟ್ ಎರಡು ಕ್ಲಿಕ್ ಮೇಲೆ ಮಾಡಿದೆ, ಮತ್ತೆ ಇಳಿಯಿತು, ಮತ್ತೆರಡು ಕ್ಲಿಕ್. ಬುಲೆಟ್ ಲಾಟ್ (ಆ ಕಂತಿನ ಗುಂಡು) ಬಯ್ದೆ, ಗಾಳಿ ಬಯ್ದೆ. ಎದ್ದ ಮೇಲೆ ನೋಡಿದರೆ ನಾನು ಯಾವಾಗಲೂ ಹಾಕುವ ತೂತು ಎಣ್ಣೆ ಕುಡಿದ ಚರ್ಮದಲ್ಲಿ ಬಾಯಿ ಬಿಟ್ಟು ಉದ್ದಕ್ಕೆ ಎಳೆದುಕೊಂಡಿದೆ. ಪಟ್ಟಿ ಹಿಗ್ಗಿದಷ್ಟೂ ನಳಿಗೆ ತಗ್ಗುತ್ತದೆ, ಅಷ್ಟೇ ಲೆಕ್ಕ. ತೋಳಿನಿಂದ ಪಟ್ಟಿ ಕೆಳಗೆ ಜಾರಿದರೂ ಇದೇ ಆಗುವುದು. ಗುಂಡು ಸುಮ್ನೆ ಕೆಳಗೆ ಕೆಳಗೆ ಹೋಗುತ್ತಿದೆ ಅಂದರೆ ಸೈಟ್ ಮುಟ್ಟುವ ಮೊದಲು ತೋಳು ಮುಟ್ಟಿ ನೋಡಿ.

ಒಣ ಊರಲ್ಲಿ ಇರುವವರಿಗೆ ಚರ್ಮ ಬೇಡ ಅನ್ನಲ್ಲ. ಅಮೆರಿಕದ ಸರ್ವಿಸ್ ರೈಫಲ್ (ಸೇನೆಯ ಮಾದರಿಯ ರೈಫಲ್) ಮ್ಯಾಚ್‌ಗಳಲ್ಲಿ 1907ರ ಮಾದರಿಯ ಚರ್ಮದ ಸ್ಲಿಂಗನ್ನು ಇವತ್ತಿಗೂ ಹಾಕುತ್ತಾರೆ. ಅವರಿಗೆ ಸಕಲೇಶಪುರದ ಮಳೆ ಗೊತ್ತಿಲ್ಲ.

ಪ್ರಶ್ನೆ (ಆಲೂರು): ಸ್ಲಿಂಗ್ ಹಾಕಿದರೆ ತೋಟಕ್ಕೆ ಬರುವ ಹಂದಿ ಗುರಿ ತಪ್ಪಲ್ಲ ಅಲ್ವಾ ಸರ್?

ಕೋಚ್: ಅದನ್ನು ಫಾರೆಸ್ಟ್‌ನವರನ್ನು ಕೇಳಿ ಮಾರಾಯ್ರೆ. ಇಲ್ಲಿ ಕಾಗದದ ಮೇಲೆ ಮಾತ್ರ.

ಪ್ರಶ್ನೆ (ಚಿಕ್ಕಮಗಳೂರು, ಎನ್‌ಸಿಸಿ ಕೆಡೆಟ್): ನಮ್ಮ .22 ರೈಫಲ್‌ಗೆ ಕ್ಯಾನ್ವಾಸ್ ಸ್ಲಿಂಗ್ ಬರುತ್ತೆ, ಎರಡೂ ಕಡೆ ಕೊಂಡಿ. ಅದರಲ್ಲೇ ಏನಾದರೂ ಮಾಡಬಹುದಾ ಸರ್?

ಕೋಚ್: ಮಾಡಬಹುದು. ನಿಮ್ಮ ಉಸ್ತಾದ್ (ತರಬೇತಿ ಕೊಡುವವರು) ಒಪ್ಪಿದರೆ ಹಿಂದಿನ ಕೊಂಡಿ ಬಿಚ್ಚಿ, ಬಕಲ್ ಹತ್ತಿರ ಒಂದು ಕುಣಿಕೆ ಮಾಡಿ ಮೇಲ್ತೋಳಿಗೆ ಏರಿಸಿಕೋ. ಬಿಚ್ಚಲು ಬಿಡದಿದ್ದರೆ ಎಡಗೈಯನ್ನು ಸ್ಲಿಂಗ್ ಒಳಗಿಂದ ತೂರಿಸಿ, ಹೊರಗಿನಿಂದ ಒಂದು ಸುತ್ತು ಹಾಕಿ ಮುಂದೆ ಹಿಡಿ. ಇದು ಅರೆಬರೆ ಉಪಾಯ, ಆದರೂ ಬರಿಗೈಗಿಂತ ಎಷ್ಟೋ ವಾಸಿ. ಎರಡನೆಯದನ್ನು ಐಎಸ್‌ಎಸ್‌ಎಫ್ ನಿಯಮದ ಮ್ಯಾಚ್‌ಗೆ ತಗೊಂಡು ಹೋಗಬೇಡ.

ಸ್ಲಿಂಗ್ ತೋಳಿಗೆ ಸರಿಯಾಗಿ ಕೂತ ಮೇಲೆ ಪರೀಕ್ಷೆ ಹೀಗೆ, ಎಲ್ಲರಿಗೂ ಹೇಳುತ್ತಿದ್ದೇನೆ. ಚೇಂಬರ್ (ನಳಿಗೆಯಲ್ಲಿ ಗುಂಡು ಕೂರುವ ಜಾಗ) ಖಾಲಿ ಇದೆ ಅಂತ ಎರಡು ಸಲ ನೋಡಿ. ಮಲಗಿ, ಟಾರ್ಗೆಟ್‌ಗೆ ಗುರಿ ಇಡಿ, ಕಣ್ಣು ಮುಚ್ಚಿ, ಮೂರು ಉಸಿರು ಎಳೆದು ಬಿಡಿ, ಕಣ್ಣು ತೆಗೆಯಿರಿ. ಗುರಿ ಪಕ್ಕಕ್ಕೆ ಹೋಗಿದ್ದರೆ ಕೈಯಲ್ಲಿ ತಳ್ಳಿ ತರಬೇಡಿ. ಎಡ ಮೊಣಕೈಯನ್ನು ಗೂಟದ ಹಾಗೆ ಅಲ್ಲೇ ಬಿಟ್ಟು, ಸೊಂಟ ಸರಿಸಿ ಇಡೀ ಮೈ ತಿರುಗಿಸಿ. ಕೈಯಲ್ಲಿ ತಳ್ಳಿದ ಗುರಿ ಟ್ರಿಗರ್ ಎಳೆದ ಗಳಿಗೆಗೆ ವಾಪಸ್ ತನ್ನ ಜಾಗಕ್ಕೆ ಓಡುತ್ತದೆ.

ಪ್ರಶ್ನೆ (ಮೂಡಿಗೆರೆಯ ತಂದೆ, ಎರಡು ವಾರದ ನಂತರ): ಸರ್, ಸಿಂಥೆಟಿಕ್ ತಗೊಂಡೆವು, 40ರದ್ದು, ನಂಬರ್ ಇರುವಂಥದ್ದು. ಕ್ಲಬ್‌ನಲ್ಲಿ ಹಾಕಿ ನೋಡಿದಳು, ಆರನೇ ತೂತಿಗೆ ಕೂತಿತು. ಮನೆಗೆ ಬಂದು ಜಾಕೆಟ್ ತೋಳಿನ ಮೇಲೆ ಪಟ್ಟಿ ಕೂರುವ ಜಾಗಕ್ಕೆ ಬಾಲ್‌ಪೆನ್‌ನಲ್ಲಿ ಗೆರೆ ಎಳೆದಿದ್ದಾಳೆ. ಆ ಜಾಕೆಟ್ ಸೀನಿಯರ್‌ಗೆ ವಾಪಸ್ ಕೊಡಬೇಕು!

ಕೋಚ್: ಹಹ್ಹಾ. ಬುದ್ಧಿ ಸರಿ ಇದೆ, ಪೆನ್ನು ಮಾತ್ರ ತಪ್ಪು. ಮುಂದಿನ ಸಲ ಚಾಕ್‌ಪೀಸ್ ಕೊಡಿ. ಆರನೇ ತೂತು ಅಂತ ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಡಲು ಹೇಳಿ, ಕೆಳಗೆ ಹ್ಯಾಂಡ್‌ಸ್ಟಾಪ್ ನಂಬರ್ರೂ ಇರಲಿ. ಚಳಿಗೆ ಒಳಗೆ ಸ್ವೆಟರ್ ಹಾಕಿದ ದಿನ ಆರು ಐದಾಗಬಹುದು, ಅದನ್ನೂ ಬರೆಯಲಿ. ಸೀನಿಯರ್‌ಗೆ ಒಂದು ಕೆಜಿ ಕಾಫಿಪುಡಿ ಕೊಟ್ಟು ಸಮಾಧಾನ ಮಾಡಿ.