ಶರಾವತಿ ಹಿನ್ನೀರಿನಲ್ಲಿ ದೋಣಿ ಎಂಜಿನ್ ಸದ್ದು: ಕಾರಣ ಏನು, ಮಿತಿ ಎಷ್ಟು?

ಪ್ರಶ್ನೆ: ಲಿಂಗನಮಕ್ಕಿ ಹಿನ್ನೀರಿನ ದಡದಲ್ಲಿ ನಮ್ಮ ಹೋಂಸ್ಟೇ ಇದೆ. ದೋಣಿಗೆ 25 ಎಚ್‌ಪಿ ಟೂ-ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ತೂಗುಹಾಕುವ ಎಂಜಿನ್). ಮಳೆಗಾಲ ಮುಗಿದ ಹೊಸತರಲ್ಲಿ ತೊಂದರೆ ಇಲ್ಲ, ಮಾರ್ಚ್ ಬಂತೆಂದರೆ ಆಚೆ ದಡದವರೂ ಬೈಯುವಷ್ಟು ಸದ್ದು. ದೊಡ್ಡ ಸೈಲೆನ್ಸರ್ ಹಾಕಿಸಬಹುದಾ ಸರ್?

ಉತ್ತರ (ದೋಣಿ ಎಂಜಿನ್ ಮೆಕ್ಯಾನಿಕ್): ಬೇಡ. ಔಟ್‌ಬೋರ್ಡಿಗೆ ನೀರೇ ಸೈಲೆನ್ಸರ್. ಹೊಗೆ ಪ್ರೊಪೆಲ್ಲರ್ ಹಬ್ (ರೆಕ್ಕೆಗಳ ನಡುವಿನ ಗುಂಬ) ಮೂಲಕ ನೀರಿನಡಿಯಲ್ಲೇ ಹೊರಬೀಳಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ, ಮುಳುಗಡೆ ಮರಗಳ ಬೊಡ್ಡೆಗೆ ತಾಗೀತೆಂದು ಎಂಜಿನ್ ಟಿಲ್ಟ್ ಮಾಡಿ (ವಾಲಿಸಿ ಮೇಲೆತ್ತಿ) ಓಡಿಸುತ್ತೀರಲ್ಲ, ಆಗ ಹಬ್ ಮೇಲೆದ್ದು ಹೊಗೆ ನೇರ ಗಾಳಿಗೆ ಬರುತ್ತದೆ. ಎಂಜಿನ್ ತಣ್ಣಗಿಡಲು ನೀರು ಎಳೆಯುವ ಜಾಲರಿಯೂ ಮೇಲೆ ಬಂದರೆ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಒಣಗಿ ತಿರುಗಿ ಹಾಳಾಗುತ್ತದೆ, ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಸದ್ದಿಗಿಂತ ಅದು ದುಬಾರಿ. ಟಿಲ್ಟ್ ಇಳಿಸಿ, ಬೊಡ್ಡೆಯಿಲ್ಲದ ಆಳದ ದಾರಿ ಗುರುತಿಟ್ಟುಕೊಂಡು ಓಡಿಸಿ.

ಎಂಜಿನ್ ಕೂರಿಸಿದ ಎತ್ತರವನ್ನೂ ನೋಡಿ. ಕ್ಯಾವಿಟೇಷನ್ ಪ್ಲೇಟ್ (ಪ್ರೊಪೆಲ್ಲರ್ ಮೇಲಿನ ಅಡ್ಡ ತಟ್ಟೆ) ದೋಣಿಯ ತಳದ ಮಟ್ಟಕ್ಕೆ ಅಥವಾ ಒಂದು ಇಂಚು ಕೆಳಗಿರಬೇಕು. 20 ಇಂಚಿನ ಟ್ರಾನ್ಸಮ್‌ಗೆ (ಎಂಜಿನ್ ಕೂರುವ ಹಿಂಬದಿ ಹಲಗೆ) 15 ಇಂಚಿನ ಶಾರ್ಟ್ ಶಾಫ್ಟ್ (ಗಿಡ್ಡ ಕಾಲಿನ ಎಂಜಿನ್) ಕೂರಿಸಿದ್ದರೆ ವರ್ಷವಿಡೀ ಸದ್ದೇ. ನಿಮ್ಮದು ಹಾಗಿರಲಾರದು, ಆದರೂ ಅಳೆದು ನೋಡಿ. ಕೌಲಿಂಗ್ (ಎಂಜಿನ್ ಮೇಲಿನ ಮುಚ್ಚಳ) ಅಂಚಿನ ರಬ್ಬರಿಗೆ ಕಾಗದದ ಪಟ್ಟಿ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿಂದ ಸದ್ದು ಸೋರುತ್ತದೆ, ರಬ್ಬರ್ ಬದಲಿಸಿ.

ಐಡಲ್‌ನಲ್ಲಿ (ಗೇರ್ ಹಾಕದೆ ನಿಧಾನಕ್ಕೆ ಓಡುವಾಗ) ಪಟಪಟ ಬರುವುದು ಹಿಂಬದಿಯ ಸಣ್ಣ ತೂತಿನಿಂದ. ಅದನ್ನು ಎಂ-ಸೀಲ್ ಹಾಕಿ ಮುಚ್ಚುವ ಬುದ್ಧಿವಂತರಿದ್ದಾರೆ! ಹೊಗೆಗೆ ದಾರಿಯಿಲ್ಲದೆ ಎಂಜಿನ್ ನಿಂತೇಹೋಗುತ್ತದೆ.

ಪ್ರಶ್ನೆ: ಕಾನೂನಿನ ಮಿತಿ ಎಷ್ಟು? ಮೊಬೈಲ್ ಆಪ್‌ನಲ್ಲಿ ಅಳೆದರೆ ಆದೀತಾ?

ಉತ್ತರ (ಪರಿಸರ ಎಂಜಿನಿಯರ್): 2000ದ ಶಬ್ದ ಮಾಲಿನ್ಯ ನಿಯಮಗಳು ಜನವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಹಾಕಿವೆ. ಇದು ಜಾಗಕ್ಕೆ ಹಾಕಿದ ಸರಾಸರಿ ಮಿತಿ, ಒಂದು ದೋಣಿ ಹಾದುಹೋದಾಗಿನ ಗರಿಷ್ಠ ಸದ್ದಿಗಲ್ಲ. ದೋಣಿಗೇ ಅಳತೆಗೋಲು ಬೇಕೆಂದರೆ ಯುರೋಪಿನದನ್ನು ನೋಡಿ: ನಿಮ್ಮಂಥ 10ರಿಂದ 40 ಕಿಲೋವ್ಯಾಟ್‌ನ ಒಂಟಿ ಎಂಜಿನ್‌ಗೆ 25 ಮೀಟರ್ ದೂರದಲ್ಲಿ 72 ಡೆಸಿಬೆಲ್. ದೂರ ಎರಡು ಪಟ್ಟಾದರೆ ಸುಮಾರು 6 ಇಳಿಯುತ್ತದೆ. 200 ಮೀಟರಿಗೆ 54. ಆದರೆ ಚಳಿಗಾಲದ ಬೆಳಿಗ್ಗೆ ನೀರಿನ ಮೇಲೆ ತಣ್ಣನೆ ಗಾಳಿ, ಅದರ ಮೇಲೆ ಬೆಚ್ಚನೆ ಗಾಳಿ ಇದ್ದಾಗ ಸದ್ದು ಕೆಳಕ್ಕೆ ಬಾಗಿ ಬಹುದೂರ ಹೋಗುತ್ತದೆ. ಬಿಸಿಲೇರುವ ತನಕ ಎಂಜಿನ್ ಬಿಟ್ಟು ಹುಟ್ಟು ಹಾಕಿ ಹೋಗುವುದೇ ಒಳ್ಳೆಯದು.

ಆಪ್‌ನ ಅಂಕಿ ದೂರಿಗೆ ಸಾಕ್ಷಿಯಾಗದು. ರಿಪೇರಿಗೆ ಮುಂಚೆ, ಆಮೇಲೆ ಹೋಲಿಸಲು ಸಾಕು: ಅದೇ ಫೋನ್, ಅದೇ ಜಾಗ, 25 ಮೀಟರ್, ಗಾಳಿಯಿಲ್ಲದ ಹೊತ್ತು.

ಪ್ರಶ್ನೆ: ಫೋರ್-ಸ್ಟ್ರೋಕ್ ತಗೊಂಡರೆ?

ಉತ್ತರ (ಮೆಕ್ಯಾನಿಕ್): ಸದ್ದು ಕಡಿಮೆ, ತೂಕ ಜಾಸ್ತಿ, ಹಳೇ ದೋಣಿಯ ಟ್ರಾನ್ಸಮ್ ಹಲಗೆ ತಡೆಯುತ್ತದಾ ಮೊದಲು ನೋಡಿ. ಅದನ್ನೂ ಟಿಲ್ಟ್ ಮಾಡಿಯೇ ಓಡಿಸಿದರೆ ಮಾರ್ಚ್‌ನಲ್ಲಿ ಮತ್ತೆ ಬೈಗುಳ.